ಜೇನುಹುಳ ನಿಲ್ಲೋದೇ ಇಲ್ಲ, ಫೋಟೊ ಹೇಗೆ ತೆಗೆಯೋದು?

ಕೇಳಿದವರು, ಬಾಗಲಕೋಟೆ ನವನಗರ:
ಮನೆ ಮುಂದೆ ತುಳಸಿ ಹೂ ಬಿಟ್ಟಿದೆ. ಬೆಳಿಗ್ಗೆ ಜೇನುಹುಳಗಳು ಮುತ್ತಿಕೊಳ್ಳುತ್ತವೆ. ಮೊಬೈಲಲ್ಲಿ ಎಷ್ಟು ತೆಗೆದರೂ ಹೂವು ನೀಟಾಗಿ ಬರುತ್ತದೆ, ಹುಳ ಮಾತ್ರ ಮಸುಕು. ಹತ್ತಿರ ಹೋದರೆ ಹಾರಿಬಿಡುತ್ತದೆ. ಮನೆಯಲ್ಲಿ ಒಂದು ಹಳೇ ಡಿಎಸ್ಎಲ್ಆರ್ ಕ್ಯಾಮೆರಾ ಇದೆ, 18–55 ಮಿ.ಮೀ. ಜೂಮ್ ಲೆನ್ಸ್ ಜೊತೆ. ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೊ ಲೆನ್ಸಿನ ರೇಟು ಕೇಳಿ ಸುಮ್ಮನಾದೆ. ಎಲ್ಲಿಂದ ಶುರು ಮಾಡಲಿ? ತೆಗೆದು ಗೊತ್ತಿರುವವರು ಹೇಳ್ರಿ.

ಇಂಡಿಯಿಂದ:
ಲೆನ್ಸಿನ ಮಾತು ಆಮೇಲೆ. ಮೊದಲ ವರ್ಷ ನಾನೂ ಹುಳದ ಹಿಂದೆ ಓಡಿದವನೇ. ನಮ್ಮದು ನಿಂಬೆ ತೋಟ. ಫೋಟೊ ಒಂದೂ ಸಿಗಲಿಲ್ಲ, ಕೈತುಂಬ ಮುಳ್ಳಿನ ಗೀರು ಸಿಕ್ಕವು. ಈಗ ಓಡೋದು ಬಿಟ್ಟಿದ್ದೇನೆ. ಒಂದು ಹೂವು ಆರಿಸಿಕೊಂಡು ಅದರ ಮುಂದೆ ಕೂತುಬಿಡುತ್ತೇನೆ.

ಕಲಿಯೋದಕ್ಕೆ ಸೂರ್ಯಕಾಂತಿಯಷ್ಟು ಚಲೋ ಹೂವು ಇನ್ನೊಂದಿಲ್ಲ. ಅದರ ತಟ್ಟೆ ಅಂದರೆ ನೂರಾರು ಸಣ್ಣ ಹೂವು. ಅವು ಅಂಚಿನಿಂದ ಒಳಗಡೆಗೆ ಸುತ್ತು ಸುತ್ತಾಗಿ ಅರಳುತ್ತವೆ. ಇವತ್ತು ಅರಳಿದ ಸುತ್ತಿನ ಮೇಲೇ ಜೇನುಹುಳ ನಡೆಯುತ್ತದೆ, ಒಂದೊಂದಕ್ಕೂ ಬಾಯಿ ಹಾಕುತ್ತ. ಹತ್ತು ನಿಮಿಷ ನೋಡಿದರೆ ಮುಂದೆ ಎಲ್ಲಿಗೆ ಬರುತ್ತದೆ ಅಂತ ಅಂದಾಜು ಸಿಗುತ್ತದೆ. ಫೋಕಸ್ ಅಲ್ಲಿಟ್ಟು ಕಾಯ್ರಿ.

ನಿಮ್ಮ ನೆರಳು ಹೂವಿನ ಮೇಲೆ ಬೀಳಬಾರದು. ನೆರಳು ಬಿದ್ದರೆ ಹುಳ ಎದ್ದೇಳುತ್ತದೆ, ನಿಧಾನವಾಗಿ ಬಂದ ಕ್ಯಾಮೆರಾಗೆ ಅಷ್ಟಾಗಿ ಹೆದರುವುದಿಲ್ಲ. ಶಟರ್ ವೇಗ (ಕ್ಯಾಮೆರಾ ಬೆಳಕು ಒಳಗೆ ಬಿಡುವ ಹೊತ್ತು) 1/500 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಹಾರುವಾಗಲೇ ಬೇಕು ಅಂದರೆ 1/2000 ಆದರೂ ಬೇಕು, ಆಗಲೂ ರೆಕ್ಕೆ ಮಸುಕಾಗಿಯೇ ಬರುತ್ತದೆ. ಬರಲಿ ಬಿಡಿ, ಕಣ್ಣು ಸ್ಪಷ್ಟವಾಗಿದ್ದರೆ ಸಾಕು. ನಮ್ಮ ಕಡೆ ಬಿಸಿಲಿಗೆ ಬರ ಇಲ್ಲ ಅಂತ ಮಧ್ಯಾಹ್ನ ಹೋಗಬೇಡಿ. ಬೆನ್ನು ಬೆಳ್ಳಗೆ ಹೊಳೆದು ರೋಮವೇ ಕಾಣುವುದಿಲ್ಲ. ಎರೆಹೊಲದಲ್ಲಿ ಹೊತ್ತು ಏರಿದರೆ ಗಾಳಿ ಬೇರೆ.

ಜಮಖಂಡಿಯಿಂದ:
ಕಡಿಮೆ ಬೆಲೆಯ ಮೊಬೈಲುಗಳಲ್ಲಿ ಮ್ಯಾಕ್ರೊ ಅಂತ ಕೊಡುವ 2 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮ್ನೆ ಲೆಕ್ಕಕ್ಕೆ. ಮುಖ್ಯ ಕ್ಯಾಮೆರಾದಲ್ಲೇ ಒಂದು ಗೇಣು ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ. ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಇರುವೆಗೆ ನಡೆಯುತ್ತದೆ. ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕು, ಜೇನು ಅಷ್ಟು ಹತ್ತಿರ ಬಿಟ್ಟುಕೊಳ್ಳುತ್ತಾ?

ಬೆಳಗಾವಿಯಿಂದ:
ಆ 18–55 ಲೆನ್ಸನ್ನೇ ತಿರುಗಿಸಿ ಹಾಕಿ. ರಿವರ್ಸ್ ರಿಂಗ್ ಅಂತ ಸಿಗುತ್ತದೆ, ನಾಲ್ಕೈದು ನೂರು ರೂಪಾಯಿ ಒಳಗೆ. ಲೆನ್ಸಿನ ಮುಂಭಾಗ ಕ್ಯಾಮೆರಾಗೆ ಅಂಟುತ್ತದೆ, ಹಿಂಭಾಗ ಹುಳದ ಕಡೆ. 55ರಲ್ಲಿ ಶುರು ಮಾಡಿ. 18ಕ್ಕೆ ಹೋದಷ್ಟೂ ಹುಳ ದೊಡ್ಡದಾಗುತ್ತದೆ, ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಆಟೊಫೋಕಸ್ ಇರುವುದಿಲ್ಲ. ಫೋಕಸ್ ಉಂಗುರ ತಿರುಗಿಸುತ್ತ ಕೂರಬೇಡಿ, ಮೈಯನ್ನೇ ಸ್ವಲ್ಪ ಹಿಂದೆ ಮುಂದೆ ಆಡಿಸಿ, ಹುಳದ ಕಣ್ಣು ಸ್ಪಷ್ಟವಾದಾಗ ಸಾಲಾಗಿ ಫೋಟೊ ಹೊಡೆಯಿರಿ. ಹತ್ತರಲ್ಲಿ ಒಂದು ಸರಿ ಬಂದರೆ ಅದೇ ಒಳ್ಳೆ ದಿನ. ಲೆನ್ಸಿನ ಹಿಂಭಾಗ ಹೊರಗಿರುತ್ತದೆ, ನಿಮ್ಮ ಕಡೆ ಧೂಳು ಜಾಸ್ತಿ, ನೋಡಿಕೊಳ್ಳಿ.

ದುಡ್ಡಾದಾಗ ರೇನಾಕ್ಸ್ ಡಿಸಿಆರ್-250 ಅನ್ನೋ ಸಣ್ಣ ಮ್ಯಾಕ್ರೊ ಗಾಜು ನೋಡಿ. ಲೆನ್ಸಿನ ಮೂತಿಗೆ ಕ್ಲಿಪ್ ಆಗುತ್ತದೆ, ಹುಳಕ್ಕೂ ನಿಮಗೂ ಹತ್ತು ಹನ್ನೆರಡು ಸೆಂಟಿಮೀಟರ್ ಜಾಗ ಉಳಿಯುತ್ತದೆ. ಫ್ಲ್ಯಾಶ್ ಬಳಸಿದರೆ ಮುಂದೆ ತೊಳೆದ ಹಾಲಿನ ಪ್ಯಾಕೆಟ್ ಕಟ್ಟಿ, ಬೆಳಕು ಮೆತ್ತಗಾಗುತ್ತದೆ. ನಾನು ಇವತ್ತಿಗೂ ಅದನ್ನೇ ಕಟ್ಟೋದು.

ಒಂದು ಗುಟ್ಟು ಹೇಳ್ತೀನಿ. ಎಚ್ಚರ ಇರುವ ಜೇನನ್ನು ಬಿಡಿ, ಮಲಗಿದ್ದನ್ನು ಹುಡುಕಿ. ನೀಲಿ ಪಟ್ಟಿಯ ಜೇನು ಅಂತ ಒಂದಿದೆ, ಗೂಡು ಕಟ್ಟಿಕೊಂಡು ಗುಂಪಾಗಿ ಬಾಳುವ ಜಾತಿ ಅಲ್ಲ. ಅದರ ಗಂಡುಗಳು ಸಂಜೆ ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಹಾಗೇ ನಿದ್ದೆ ಮಾಡುತ್ತವೆ. ನಮ್ಮ ಹಿತ್ತಲಲ್ಲಿ ಒಂದು ಸಂಜೆ ಒಂದೇ ಕಡ್ಡಿಗೆ ಏಳು, ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ. ಕಾಲು ಮಡಚಿಕೊಂಡಿದ್ದವು, ಹೊಟ್ಟೆ ಮೇಲೆ ತಿಳಿನೀಲಿ ಗೆರೆ. ಅರ್ಧ ತಾಸು ಕೂತು ತೆಗೆದೆ. ಒಂದು ಮಾತ್ರ ಹಿಂಗಾಲು ಎತ್ತಿ 'ಹೋಗತ್ಲಾಗೆ' ಅನ್ನೋ ಹಾಗೆ ಝಾಡಿಸಿತು.

ಮುಧೋಳದಿಂದ, ಮನೆಯಲ್ಲಿ ಜೇನು ಪೆಟ್ಟಿಗೆ ಇಟ್ಟಿದ್ದೇವೆ:
ಹೂವಿನ ಮೇಲಿನ ಜೇನು ತಾನಾಗಿ ಕಚ್ಚುವುದಿಲ್ಲ, ಗೂಡಿನ ಹತ್ತಿರ ಲೆಕ್ಕವೇ ಬೇರೆ. ನೀರಿನ ಟ್ಯಾಂಕಿಗೆ, ಆಲದ ಮರಕ್ಕೆ ಹೆಜ್ಜೇನು ಕಟ್ಟಿದ್ದರೆ ಜೂಮ್ ಇದ್ದರಷ್ಟೇ ದೂರದಿಂದ ತೆಗೆಯಿರಿ. ಸೆಂಟು ಹಾಕಬೇಡಿ, ಕಪ್ಪು ಅಂಗಿ ಬೇಡ, ಗೂಡಿನ ಮೇಲೆ ಉಸಿರು ಬಿಡಬೇಡಿ. ಒಂದು ಕಚ್ಚಿದರೆ ಕೊಂಡಿ ಚರ್ಮದಲ್ಲೇ ಉಳಿಯುತ್ತದೆ, ಅದರಿಂದ ಬಾಳೆಹಣ್ಣಿನಂಥ ವಾಸನೆ ಹೊರಟು ಉಳಿದವನ್ನು ಕರೆಯುತ್ತದೆ. ಉಗುರಿನಿಂದ ಕೆರೆದು ತಕ್ಷಣ ತೆಗೆದು, ಅಲ್ಲಿಂದ ದೂರ ಹೋಗಿ. ಉಸಿರು ಕಟ್ಟಿದರೆ, ಮುಖ ಬಾತರೆ ನೇರ ಆಸ್ಪತ್ರೆಗೆ.

ಇನ್ನೊಂದು ಮಾತು. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ಫೋಟೊ ತೆಗೆಯುವವರಿದ್ದಾರೆ. ಅದನ್ನು ಮಾಡಬೇಡ್ರಿ. ತಂಪು ಬೇಕಾದರೆ ನೀವೇ ಐದೂವರೆಗೆ ಏಳಿ, ಆಗ ಎಲ್ಲ ಹುಳವೂ ಮಂಕಾಗಿಯೇ ಇರುತ್ತವೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸ್ಟೂಲ್ ಹಾಕಿಕೊಂಡು ತುಳಸಿ ಮುಂದೆ ಒಂದು ತಾಸು ಕೂತೆ. ನಮ್ಮವ್ವ ಎರಡು ಸಲ ಬಂದು ಮೈ ಹುಷಾರಿಲ್ವಾ ಅಂತ ಕೇಳಿದರು. 140 ಫೋಟೊದಲ್ಲಿ ಮೂರರಲ್ಲಿ ಕಣ್ಣು ಸ್ಪಷ್ಟ ಇದೆ. ಒಂದರಲ್ಲಿ ಹಿಂಗಾಲಿಗೆ ಅಂಟಿದ ಪರಾಗದ ಉಂಡೆಯೂ ಕಾಣುತ್ತದೆ. ಸೂರ್ಯಕಾಂತಿ ನಮ್ಮ ಹತ್ತಿರ ಇಲ್ಲ, ಸಂಬಂಧಿಕರ ಹೊಲದಲ್ಲಿ ಕುಸುಬೆ ಹೂ ಬಿಟ್ಟಿದೆ. ಅದು ನಡೆಯುತ್ತಾ?

ಇಂಡಿಯಿಂದ:
ಭೇಷ್ ನಡೆಯುತ್ತದೆ, ಜೇನು ಬಹಳ ಬರುತ್ತವೆ. ದಪ್ಪ ಪ್ಯಾಂಟ್ ಹಾಕಿಕೊಂಡು ಹೋಗ್ರಿ. ಆ ಮುಳ್ಳಿನ ಮುಂದೆ ನಮ್ಮ ನಿಂಬೆ ಏನೂ ಅಲ್ಲ.