ಗೈಡ್ಸ್‌ಗೆ ಸೇರಲು ಹತ್ತು ತುಂಬಲೇಬೇಕಾ?

ಕಾಪು ಅಮ್ಮ:
ನಮಸ್ಕಾರ. ಮಗಳು ನಾಲ್ಕನೇ ಕ್ಲಾಸು, ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಚಿಕ್ಕ ಹುಡುಗಿಯರ ವಿಭಾಗವಾದ ಬುಲ್‌ಬುಲ್‌ನಲ್ಲಿ ಇದ್ದಾಳೆ. ಹತ್ತು ತುಂಬಲು ಇನ್ನೂ ಕೆಲವು ತಿಂಗಳು ಇದೆ. ಗೆಳತಿಯರಿಬ್ಬರು ಗೈಡ್ಸ್‌ಗೆ ಹೋದರು, ಈಗ ಇವಳಿಗೂ ಅಕ್ಕಂದಿರ ಜೊತೆ ಕ್ಯಾಂಪಿಗೆ ಹೋಗಬೇಕು ಅಂತ ದಿನಾ ಹಠ. ಈಗಲೇ ಸೇರಿಸಬಹುದಾ? ಇನ್ನೊಂದು, ಅಣ್ಣನ ಮಗ ಮಂಗಳೂರಿನಲ್ಲಿ ಫಸ್ಟ್ ಪಿಯುಸಿ. ಹೈಸ್ಕೂಲಿನಲ್ಲಿ ಸ್ಕೌಟ್ ಆಗಿದ್ದ, ಕಾಲೇಜಿನಲ್ಲಿ ಘಟಕವೇ ಇಲ್ಲ. ಅವನದ್ದು ಅಲ್ಲಿಗೆ ಮುಗಿಯಿತಾ?

ಗೈಡ್ ಕ್ಯಾಪ್ಟನ್, ಉಡುಪಿ:
ಕಾಯಿರಿ ಅಕ್ಕ. ಐದಕ್ಕಿಂತ ಚಿಕ್ಕವರಿಗೆ ‘ಬನ್ನಿ’ (Bunny) ಅನ್ನುವ ವಿಭಾಗ, ಆಮೇಲೆ ಹತ್ತರವರೆಗೆ ಹುಡುಗರಿಗೆ ಕಬ್, ಹುಡುಗಿಯರಿಗೆ ಬುಲ್‌ಬುಲ್, ಹತ್ತರಿಂದ 17ರವರೆಗೆ ಸ್ಕೌಟ್ ಮತ್ತು ಗೈಡ್. ಇದು ಸುಮ್ನೆ ಬರೆದಿಟ್ಟ ಲೆಕ್ಕ ಅಲ್ಲ. ಗೈಡ್ಸ್‌ನಲ್ಲಿ ಆರರಿಂದ ಎಂಟು ಹುಡುಗಿಯರದ್ದು ಒಂದು ಪೆಟ್ರೋಲ್ (patrol), ಅಂದರೆ ಒಂದು ಸಣ್ಣ ತಂಡ. ಅದರಲ್ಲಿ ಐದನೇ ಕ್ಲಾಸಿನವಳೂ ಇರುತ್ತಾಳೆ, ಹತ್ತನೇ ಕ್ಲಾಸಿನವಳೂ ಇರುತ್ತಾಳೆ. ಟೆಂಟ್ ಕಟ್ಟುವುದು, ಒಲೆ ಹಚ್ಚಿ ಅಡುಗೆ ಮಾಡುವುದು, ಗಂಟು ಹಾಕುವುದು ಎಲ್ಲ ದೊಡ್ಡವರು ಚಿಕ್ಕವರಿಗೆ ಕಲಿಸಬೇಕು, ರಾತ್ರಿ ಮನೆ ಬಿಟ್ಟು ಮಲಗಬೇಕು, ಪೆಟ್ರೋಲ್ ಲೀಡರ್ ಹೇಳಿದ್ದನ್ನು ಟೀಚರ್ ಹತ್ತಿರ ಇಲ್ಲದಾಗಲೂ ಕೇಳಬೇಕು. ಸಣ್ಣ ಮಗುವನ್ನು ಅವಸರದಲ್ಲಿ ಕಳಿಸಿದರೆ ಆಕೆ ಅಲ್ಲಿ ಎಲ್ಲರ ಬಟ್ಟೆ ಕಾಯುವವಳಾಗಿ ಉಳಿಯುತ್ತಾಳೆ, ಇದನ್ನು ಕ್ಯಾಂಪುಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಇನ್ನೊಂದು, ಗೋಲ್ಡನ್ ಆ್ಯರೋ ಅನ್ನುವ ಪುರಸ್ಕಾರ ಇರುವುದು ಕಬ್, ಬುಲ್‌ಬುಲ್‌ಗೆ ಮಾತ್ರ, ಗೈಡ್ ಆದ ಮೇಲೆ ಅದು ಸಿಗುವುದಿಲ್ಲ. ಮಗಳು ಅದಕ್ಕೆ ಎಲ್ಲಿವರೆಗೆ ಬಂದಿದ್ದಾಳೆ ಅಂತ ಫ್ಲಾಕ್ ಲೀಡರನ್ನು, ಅಂದರೆ ಬುಲ್‌ಬುಲ್ ನೋಡಿಕೊಳ್ಳುವವರನ್ನು ಕೇಳಿ.

ಸುರತ್ಕಲ್ ಅಪ್ಪ:
ಟೀಚರ್ ಹೇಳಿದ್ದು ಸರಿ. ಆದ್ರೆ ಹತ್ತು ತುಂಬಿದ ಮೇಲೆ ತಡ ಮಾಡಬೇಡಿ. ಗೈಡ್ಸ್‌ನಲ್ಲಿ ಒಂದೊಂದೇ ಹಂತ ಹತ್ತಬೇಕು: ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಆಮೇಲೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದಕ್ಕೂ ತಿಂಗಳುಗಟ್ಟಲೆ ಬೇಕು. ಎಂಟನೇ ಕ್ಲಾಸಿನಲ್ಲಿ ಶುರು ಮಾಡಿದವರು ಎಸ್ಸೆಸ್ಸೆಲ್ಸಿ ಗಡಿಬಿಡಿಯಲ್ಲಿ ಅರ್ಧಕ್ಕೆ ಬಿಡುವುದೇ ಜಾಸ್ತಿ.

ಹಳೇ ರೋವರ್:
ಹುಡುಗನದ್ದು ಮುಗಿದಿಲ್ಲ ಮಾರಾಯ್ರೆ! ಪಿಯುಸಿ ವಯಸ್ಸಿನಿಂದ 25ರವರೆಗೆ ರೋವರ್, ಹುಡುಗಿಯರಿಗೆ ರೇಂಜರ್. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ (ಸ್ಕೌಟ್ಸ್, ಗೈಡ್ಸ್‌ನ ದೊಡ್ಡ ಮೇಳ) ಆಯಿತಲ್ಲ, ಅಂಥ ಕಡೆ ದುಡಿಯುವ ಕೈ ಇದೇ ವಯಸ್ಸಿನವರದ್ದು. ಕಾಲೇಜಿನಲ್ಲಿ ಘಟಕ ಇಲ್ಲದಿದ್ದರೆ ಓಪನ್ ಗ್ರೂಪ್ ಹುಡುಕಿ, ಅದು ಯಾವ ಶಾಲೆ, ಕಾಲೇಜಿಗೂ ಅಂಟಿಕೊಂಡಿರುವುದಿಲ್ಲ. ಮಂಗಳೂರಿನ ಲೇಡಿಹಿಲ್‌ನ ಸ್ಕೌಟ್ ಭವನಕ್ಕೆ ಹೋಗಿ ಕೇಳಿದರೆ ಹತ್ತಿರದ್ದು ಯಾವುದು ಅಂತ ಗೊತ್ತಾಗುತ್ತದೆ. ನನಗೆ ಬೇಜಾರು ಇರುವುದು ಇಲ್ಲೇ. ನಮ್ಮಲ್ಲಿ ಮಕ್ಕಳು ಬಿಟ್ಟು ಹೋಗುವುದು ವಯಸ್ಸು ಮೀರಿ ಅಲ್ಲ, ಮುಂದಿನ ಬಾಗಿಲು ಎಲ್ಲಿದೆ ಅಂತ ಯಾರೂ ಹೇಳದೆ ಇರುವುದರಿಂದ.

ಕಾಪು ಅಮ್ಮ:
ತುಂಬಾ ಥ್ಯಾಂಕ್ಸ್. ಮಗಳಿಗೆ ಗೋಲ್ಡನ್ ಆ್ಯರೋ ವಿಷಯ ಹೇಳಿದೆ, ಹಠ ಸ್ವಲ್ಪ ಇಳಿದಿದೆ. ಅಣ್ಣನ ಮಗ ಭವನಕ್ಕೆ ಹೋಗುವಾಗ ಏನು ತಗೊಂಡು ಹೋಗಬೇಕು?

ಹಳೇ ರೋವರ್:
ಲಾಗ್ ಪುಸ್ತಕ (ಮಾಡಿದ ಚಟುವಟಿಕೆ ಬರೆದಿಟ್ಟದ್ದು), ಸೋಪಾನಗಳ ಸರ್ಟಿಫಿಕೇಟ್. ಹಳೇ ಶಾಲೆಯಲ್ಲೇ ಉಳಿದಿದ್ದರೆ ಈಗಲೇ ಹೋಗಿ ತರಲಿ. ಟೀಚರ್ ವರ್ಗ ಆಗಿ ಹೋದರೆ ಮತ್ತೆ ಹುಡುಕುವುದು ಕಷ್ಟ.