ಲೋಳೆಸರದ ಶರಬತ್ತು ಇಷ್ಟು ಕಹಿ ಯಾಕೆ?

ಪ್ರಶ್ನೆ:
ಕುಂಡದ ಲೋಳೆಸರದಿಂದ ಒಂದು ಎಲೆ ಕಿತ್ತು, ಸಿಪ್ಪೆ ಸುಲಿದು ಹಾಗೇ ಮಿಕ್ಸಿಗೆ ಹಾಕಿದೆ. ನಿಂಬೆರಸ, ಜೇನುತುಪ್ಪ ಎಲ್ಲ ಸೇರಿಸಿದ್ದೆ. ಬಿಸಿಲಲ್ಲಿ ತಂಪಾಗಿರಲಿ ಅಂತ ಮಾಡಿದ್ದು, ಒಂದು ಗುಟುಕಿಗೇ ಮುಖ ಕಿವುಚಿಕೊಂಡೆ. ಸಂಜೆ ಹೊಟ್ಟೆಯೂ ಕೆಟ್ಟಿತು. ಎಲ್ಲಿ ತಪ್ಪಿದೆ?

ಉತ್ತರ 1:
ಕೊಯ್ದಾಗ ಹಳದಿ ರಸ ಜಿನುಗಿತ್ತು ಅಲ್ವಾ? ಕಹಿ ಅದರದ್ದೇ. ಅದರಲ್ಲಿರುವ ಅಲೋಯಿನ್ ಎಂಬ ಕಹಿ ಅಂಶ ಭೇದಿ ತರಿಸುತ್ತದೆ. ನಾನೂ ಮೊದಲ ಸಲ ಹೀಗೇ ಮಾಡಿ ಪೂರ್ತಿ ಲೋಟ ಚೆಲ್ಲಿದ್ದೆ. ಈಗ ಕೊಯ್ದ ತುದಿ ಕೆಳಗೆ ಬರುವಂತೆ ಎಲೆಯನ್ನು 15 ನಿಮಿಷ ಲೋಟದಲ್ಲಿ ನಿಲ್ಲಿಸುತ್ತೇನೆ. ತಳದಲ್ಲಿ ಹಳದಿ ಅಂಟು ಇಳಿದಿರುತ್ತದೆ, ವಾಸನೆ ಕೇಳಲೇಬೇಡಿ! ಆಮೇಲೆ ಮುಳ್ಳಿನ ಅಂಚು ತೆಗೆದು ಸಿಪ್ಪೆಯನ್ನು ದಪ್ಪಗೇ ಹೆರೆಯುತ್ತೇನೆ. ಸ್ವಲ್ಪ ತಿರುಳು ಹೋದರೆ ಹೋಗಲಿ. ಗಾಜಿನಂತೆ ತಿಳಿಯಾದ ತಿರುಳಷ್ಟೇ ಉಳಿಯಬೇಕು. ಮೂರ್ನಾಲ್ಕು ಸಲ ತೊಳೆದು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಮತ್ತೆ ತೊಳೆಯಿರಿ. ಒಂದು ಲೋಟ ನೀರಿಗೆ 2 ಚಮಚ ಸಾಕು.

ಉತ್ತರ 2:
ಮಿಕ್ಸಿ ಸುಮ್ನೆ ಎರಡು ಸುತ್ತು ತಿರುಗಿಸಿ. ಜಾಸ್ತಿಯಾದರೆ ಬರೀ ನೊರೆ. ಮಾಡಿದ ಕೂಡಲೇ ಕುಡಿದುಬಿಡಿ.

ಉತ್ತರ 3:
ಬಸುರಿಯರು, ಹಾಲೂಡಿಸುವವರು ಕುಡಿಯದಿರುವುದೇ ಒಳ್ಳೆಯದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ಇನ್ನೊಂದು ಮಾತು: ಅಂದಕ್ಕೆ ಬೆಳೆಸುವ ಅಲೋ (ಲೋಳೆಸರದ ಕುಲ) ಜಾತಿಗಳೆಲ್ಲ ಹೊಟ್ಟೆಗೆ ಹೋಗುವಂಥವಲ್ಲ. ನಿಮ್ಮದು ಯಾವುದು?

ಪ್ರಶ್ನೆ ಕೇಳಿದವರು:
ದಪ್ಪ ಎಲೆಯ ಮಾಮೂಲಿ ಲೋಳೆಸರವೇ. ಇನ್ನೊಂದು ಎಲೆ ಈಗ ಲೋಟದಲ್ಲಿ ತಲೆಕೆಳಗಾಗಿ ನಿಂತಿದೆ. ವಾಸನೆ ವಿಷಯ ನಿಜ!