ಎಲಿಜಬೆತ್ ಕಾಟನ್ ವಿಡಿಯೊ: ಮನೆ ಗುಂಪಲ್ಲಿ ಎದ್ದ ವಾದ

ಅತ್ತಿಗೆ: [ವಿಡಿಯೊ] 65ಕ್ಕೆ ಗಿಟಾರ್ ಕಲಿತ, ಬ್ಲೂಸ್ ಹಾಡೋ ಅಮೆರಿಕದ ಅಜ್ಜಿ! ಎಲ್ಲರೂ ನೋಡಿ 🙏

ಭಾವ: ವಿಡಿಯೊನೇ ಉಲ್ಟಾ ಇದೆ. ಯಾರೋ ಕನ್ನಡಿ ಥರ ತಿರುಗಿಸಿ ಹಾಕಿದಾರೆ. ಎಡಗೈಲಿ ಮೀಟ್ತಿದಾರೆ ನೋಡಿ.

ಚಿಕ್ಕಪ್ಪ: ಇಲ್ಲಪ್ಪ, ತಂತಿ ನೋಡು. ವಿಡಿಯೊ ತಿರುಗಿಸಿದ್ರೆ ಎಡ-ಬಲ ಬದಲಾಗುತ್ತೆ, ಮೇಲೆ-ಕೆಳಗೆ ಬದಲಾಗಲ್ಲ. ಹಾಗಾಗಿದ್ರೆ ದಪ್ಪ ತಂತಿ ಮೇಲ್ಗಡೆನೇ ಇರ್ಬೇಕಿತ್ತು. ಇಲ್ಲಿ ದಪ್ಪದ್ದು ತೊಡೆ ಕಡೆ ಇದೆ, ಕೆಳಗಿರ್ಬೇಕಾದ ಪಿಕ್‌ಗಾರ್ಡ್ (ಮೀಟುವಾಗ ಮರ ತರಚದ ಹಾಗೆ ಅಂಟಿಸೋ ತೆಳು ಹಾಳೆ) ಮೇಲೆ ಬಂದಿದೆ. ಬಲಗೈಯವರ ಗಿಟಾರನ್ನೇ ತಲೆಕೆಳಗು ಹಿಡಿದಿದಾರೆ. ಬೇಸ್, ಅಂದ್ರೆ ದಪ್ಪ ತಂತಿಯ ತಗ್ಗಿನ ಸ್ವರ, ಬೆರಳಲ್ಲಿ; ರಾಗ ಹೆಬ್ಬೆರಳಲ್ಲಿ. ಬಾಕಿಯವರು ನುಡಿಸೋದು ಇದಕ್ಕೆ ಪೂರ್ತಿ ವಿರುದ್ಧ.

ಭಾವ: ತಂತಿ ಬಿಚ್ಚಿ ಉಲ್ಟಾ ಕಟ್ಕೊಂಡಿದ್ರೆ ಆಗ್ತಿತ್ತಲ್ಲ?

ಚಿಕ್ಕಪ್ಪ: ಬರೀ ತಂತಿ ಬದಲಿಸಿದ್ರೆ ಸಾಲದು. ಕೊರಳಿನ ತುದೀಲಿ ತಂತಿ ಕೂರೋ ಪಟ್ಟಿಗೆ ನಟ್ ಅಂತಾರೆ, ಅದರಲ್ಲಿ ಒಂದೊಂದು ತಂತಿಗೂ ಅದರ ದಪ್ಪಕ್ಕೆ ತಕ್ಕ ಗೀರು ಇರುತ್ತೆ. ಸಣ್ಣ ಗೀರಲ್ಲಿ ದಪ್ಪ ತಂತಿ ಕೂರಲ್ಲ, ದೊಡ್ಡ ಗೀರಲ್ಲಿ ಸಣ್ಣದು ಗರಗರ ಅನ್ನುತ್ತೆ. ತಂತಿಯ ಇನ್ನೊಂದು ತುದಿ ಕೂರೋ ಸ್ಯಾಡಲ್ ಓರೆ ಇರೋದ್ರಿಂದ ಮೇಲಿನ ಫ್ರೆಟ್‌ಗಳಲ್ಲಿ (ಕೊರಳಿನ ಅಡ್ಡ ಪಟ್ಟಿಗಳಲ್ಲಿ) ಶ್ರುತಿನೂ ತಪ್ಪುತ್ತೆ. ಅದೂ ಅಲ್ದೆ ಅವರ ಕೈ ಮೊದಲು ಕೂತಿದ್ದು ಅಣ್ಣನ ಬ್ಯಾಂಜೊ ಅನ್ನೋ ತಂತಿವಾದ್ಯದ ಮೇಲೆ. ಅದರ ಐದನೇ ತಂತಿ ಬಿಗಿ ಮಾಡೋ ಕೀಲಿ ಕೊರಳಿನ ನಡುವೆ ಇರುತ್ತೆ, ಆ ಕಡೆಯಿಂದ ಈ ಕಡೆಗೆ ಹಾಕೋಕಾಗಲ್ಲ.

ದೊಡ್ಡಕ್ಕ: ಅಣ್ಣನ ಬ್ಯಾಂಜೊ ಅಂದ್ಮೇಲೆ 65ಕ್ಕೆ ಕಲಿತಿದ್ದು ಹೇಗಾಗುತ್ತೆ? ಹುಟ್ಟಿದ್ದು 1893, ನಾರ್ತ್ ಕ್ಯಾರೊಲಿನಾ. ಚಿಕ್ಕ ಹುಡುಗಿಯಾಗಿದ್ದಾಗಲೇ ಮನೆಗೆಲಸದ ದುಡ್ಡು ಕೂಡಿಟ್ಟು 3.75 ಡಾಲರ್‌ಗೆ ಗಿಟಾರ್ ತಗೊಂಡ್ರು. 'ಫ್ರೈಟ್ ಟ್ರೈನ್' ಅನ್ನೋ ಹಾಡು ಕಟ್ಟಿದ್ದೂ ಆ ವಯಸ್ಸಲ್ಲೇ. ಲೋಕದ ಹಾಡು ಬೇಡ ಅಂತ ಚರ್ಚ್‌ನವರು ಅಂದ್ಮೇಲೆ ಎಷ್ಟೋ ವರ್ಷ ಗಿಟಾರ್ ಮುಟ್ಟಲಿಲ್ಲ. ವಾಷಿಂಗ್ಟನ್‌ನಲ್ಲಿ ಸೀಗರ್ ಕುಟುಂಬದ ಮನೆಗೆಲಸಕ್ಕೆ ಸೇರಿದ್ಮೇಲೆ, ಆ ಮನೆಯ ಗಿಟಾರ್ ಹಿಡಿದು ಮತ್ತೆ ಶುರು ಮಾಡಿದ್ದು.

ಅತ್ತಿಗೆ: ಹೆಸರು ಬಂದಿದ್ದು ವಯಸ್ಸಾದ್ಮೇಲೆ ತಾನೇ?

ದೊಡ್ಡಕ್ಕ: ಅವರಿಗೆ ಹೌದು. ಹಾಡಿಗೆ ಇನ್ನೂ ಮುಂಚೆನೇ ಬಂತು, ನನಗೆ ಸಿಟ್ಟು ಬರೋದೇ ಅಲ್ಲಿ. ಆ ಮನೆ ಮಗಳು ಪೆಗ್ಗಿ ಸೀಗರ್ ಅದನ್ನ ಇಂಗ್ಲೆಂಡಲ್ಲಿ ಹಾಡಿದ್ರು. ಅಲ್ಲಿ ಬೇರೆ ಇಬ್ಬರು ತಮ್ಮ ಹೆಸರಲ್ಲಿ ಹಕ್ಕು ಬರೆಸ್ಕೊಂಡ್ರು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡ ಹಾಡಿದಾಗ ಬ್ರಿಟನ್ ತುಂಬ ಗೆದ್ದಿತು. ಕಾಟನ್ ಅವರ ಸ್ವಂತ ಮೊದಲ ರೆಕಾರ್ಡ್ ಬಂದಿದ್ದೇ 1958ರಲ್ಲಿ, ಅದೇ ಮನೆ ಮಗ ಮೈಕ್ ಸೀಗರ್ ಟೇಪ್ ಮಾಡಿದ್ಮೇಲೆ. ಹಕ್ಕಿಗೆ ಜಗಳ ಆಡ್ಬೇಕಾಯ್ತು.

ಭಾವ: ಗ್ರ್ಯಾಮಿ?

ದೊಡ್ಡಕ್ಕ: 1985ರ ಸಮಾರಂಭದಲ್ಲಿ, 92ನೇ ವಯಸ್ಸಲ್ಲಿ. ಎರಡೇ ವರ್ಷಕ್ಕೆ ತೀರಿಕೊಂಡ್ರು. ಅತ್ತಿಗೆ, 'ಕಲಿತ' ಅನ್ನೋದು ತೆಗೆದು '65ಕ್ಕೆ ಮೊದಲ ರೆಕಾರ್ಡ್' ಅಂತ ಹಾಕಿ. ಹಾಡು ಕಟ್ಟಿದವರು ಅವರೇ ಅಂತಾನೂ ಸೇರಿಸಿ.

ಅತ್ತಿಗೆ: ತಿದ್ದಿ ಕಳಿಸ್ತೀನಿ. ತವರಿನ ಗುಂಪಿಗೂ ಅದನ್ನೇ ಹಾಕ್ತೀನಿ.